ಕರೆದರೂ ಓಗೊಡದ ಮಜ್ಜೆ

1975ನೆಯ ಇಸವಿ. ಅಮೆರಿಕದ ಚಿಕಾಗೊ ನಗರದ ಒಂದು ಹೋಟೆಲಿನಲ್ಲಿ ಇಬ್ಬರು ವಿಜ್ಞಾನಿಗಳು ಭೇಟಿಯಾದರು. ಒಬ್ಬರು ಚಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಗೋಲ್ಡ್‌ವಾಸರ್. ಇನ್ನೊಬ್ಬರು ಜಪಾನಿನ ಕುಮಾಮೊಟೊದಿಂದ ಬಂದಿದ್ದ ತಕಾಜಿ ಮಿಯಾಕೆ. ಮಿಯಾಕೆಯವರು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಗಂಟೊಂದನ್ನು ಗೋಲ್ಡ್‌ವಾಸರ್ ಅವರ ಕೈಗಿತ್ತರು. ಅದರೊಳಗೆ ಇದ್ದದ್ದು ಚಿನ್ನವಲ್ಲ, ಮುತ್ತಲ್ಲ. 2,550 ಲೀಟರ್ ಮೂತ್ರವನ್ನು ಸಂಸ್ಕರಿಸಿ, ಒಣಗಿಸಿ ಉಳಿಸಿಕೊಂಡಿದ್ದ ಪುಡಿ!

ಮೂಗು ಮುರಿಯಬೇಕಾಗಿಲ್ಲ. ಗೋಲ್ಡ್‌ವಾಸರ್ ಅವರು ಇಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದ ವಸ್ತು ಆ ಪುಡಿಯಲ್ಲಿತ್ತು. ಕೆಂಪು ರಕ್ತಕಣಗಳನ್ನು ತಯಾರಿಸು ಎಂದು ದೇಹಕ್ಕೆ ಆಜ್ಞೆ ಕೊಡುವ ಹಾರ್ಮೋನು ಅದು. ಹೆಸರು ಎರಿಥ್ರೊಪೊಯೆಟಿನ್. ಉದ್ದ ಹೆಸರಾದ್ದರಿಂದ ವೈದ್ಯರು ಅದನ್ನು ‘ಇಪೊ’ ಎಂದು ಕರೆಯುತ್ತಾರೆ. ಆ ಮೂತ್ರವಾದರೂ ಆರೋಗ್ಯವಂತರದಾಗಿರಲಿಲ್ಲ. ಏಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆಯಿಂದ ನರಳುತ್ತಿದ್ದವರಿಂದ ಸಂಗ್ರಹಿಸಿದ್ದು. ಈ ಕಾಯಿಲೆಯಲ್ಲಿ ರಕ್ತ ತಯಾರಾಗುವ ಜಾಗವಾದ ಅಸ್ಥಿಮಜ್ಜೆಯೇ ಬತ್ತಿಹೋಗಿರುತ್ತದೆ. ರಕ್ತವೇ ಸಾಲದವರ ಮೂತ್ರದಲ್ಲಿ ರಕ್ತ ಹೆಚ್ಚಿಸುವ ಹಾರ್ಮೋನನ್ನು ಹುಡುಕುವುದೆ? ತೆಂಗಿನ ಕಾಯಿಯನ್ನು ಬೋಳುಗುಡ್ಡದಲ್ಲಿ ಹುಡುಕಿದ ಹಾಗಾಯಿತಲ್ಲ ಎನಿಸಬಹುದು.

ಆದರೆ ವಿಷಯ ಇರುವುದೇ ಅಲ್ಲಿ. ರಕ್ತ ಕಡಿಮೆಯಾದಷ್ಟೂ ದೇಹ ಹೆಚ್ಚು ಹೆಚ್ಚು ಜೋರಾಗಿ ಆಜ್ಞೆ ಕೊಡುತ್ತದೆ. ಮಜ್ಜೆ ಕೇಳದಿದ್ದರೆ ಇನ್ನೂ ಜೋರಾಗಿ ಕೂಗುತ್ತದೆ. ಮಜ್ಜೆ ಕೆಟ್ಟವರ ರಕ್ತದಲ್ಲೂ ಮೂತ್ರದಲ್ಲೂ ಇಪೊ ತುಂಬಿ ತುಳುಕುವುದು ಇದರಿಂದಲೇ. ಅಂದಮೇಲೆ ರಕ್ತಹೀನತೆಯಲ್ಲಿ ಎರಡು ಬಗೆ. ಆಜ್ಞೆ ಅಥವಾ ಸಾಮಗ್ರಿ ಸಾಲದೆ ಬರುವುದು ಒಂದು. ಎರಡೂ ಇದ್ದು, ಕೆಲಸ ಮಾಡಬೇಕಾದ ಕಾರ್ಖಾನೆಯೇ ಕೆಟ್ಟು ಬರುವುದು ಇನ್ನೊಂದು. ಈ ಎರಡನೆಯದಕ್ಕೆ ಏನು ಮಾಡಬೇಕು? ಕೂಗುವವನ ಜೊತೆ ಇನ್ನಷ್ಟು ಕೂಗಬೇಕೆ, ಅಥವಾ ಬೇರೆ ಉಪಾಯವಿದೆಯೆ? ಸ್ಟಾಕ್‌ಹೋಮ್ ಮತ್ತು ಕ್ಯಾಲಿಫೋರ್ನಿಯಾದ ವೈದ್ಯರು 1990ರ ದಶಕದಲ್ಲಿ ಇದಕ್ಕೆ ಹುಡುಕಿದ ಉತ್ತರ ಸ್ವಾರಸ್ಯವಾದದ್ದು. ಬಿಳಿ ರಕ್ತಕಣಗಳಿಗೆಂದು ತಯಾರಾದ ಇನ್ನೊಂದು ಔಷಧವನ್ನು ಅವರು ಇಪೊ ಜೊತೆಗೆ ಸೇರಿಸಿದರು.

ಮೂತ್ರಪಿಂಡದ ಕೂಗು

ಮೊದಲು ಕಾರ್ಖಾನೆಯನ್ನು ನೋಡೋಣ. ವಯಸ್ಕರಲ್ಲಿ ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆ, ಎದೆಯ ಮೂಳೆ ಇವುಗಳ ಒಳಗಿನ ಮೆತ್ತನೆಯ ಕೆಂಪು ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪು ಕಣಗಳನ್ನು ಹೊರಬಿಡಬೇಕು. ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಓದುಗರ ಮೈಯಲ್ಲಿ ಕೋಟಿಗೆ ಹತ್ತಿರ ಕಣಗಳು ಹುಟ್ಟಿರುತ್ತವೆ.

ಇಷ್ಟು ದೊಡ್ಡ ಉತ್ಪಾದನೆಗೆ ಲೆಕ್ಕ ಇಡುವವರು ಬೇಡವೆ? 1906ರಲ್ಲಿ ಪ್ಯಾರಿಸ್ಸಿನ ಪಾಲ್ ಕಾರ್ನೊ ಮತ್ತು ಕ್ಲೋಟಿಲ್ಡ್ ಡಿಫ್ಲಾಂಡ್ರ್ ಎಂಬುವರು ರಕ್ತ ತೆಗೆದ ಮೊಲದ ಸೀರಮ್ಮನ್ನು ಬೇರೆ ಮೊಲಕ್ಕೆ ಚುಚ್ಚಿ, ಅದರಲ್ಲಿ ಕೆಂಪು ಕಣಗಳು ಹೆಚ್ಚಿದವು ಎಂದು ವರದಿ ಮಾಡಿದ್ದರು. ಬೇರೆಯವರು ಮಾಡಿದಾಗ ಅದೇ ಫಲ ಸುಲಭವಾಗಿ ಸಿಗಲಿಲ್ಲ. ಅನುಮಾನ ಬಗೆಹರಿಯಲು ಅರ್ಧ ಶತಮಾನ ಬೇಕಾಯಿತು. 1950ರಲ್ಲಿ ಕರ್ಟ್ ರೈಸ್‌ಮನ್ ಎರಡು ಇಲಿಗಳನ್ನು ಶಸ್ತ್ರಕ್ರಿಯೆಯಿಂದ ಜೋಡಿಸಿ, ಒಂದಕ್ಕೆ ಮಾತ್ರ ಆಮ್ಲಜನಕ ಕಡಿಮೆಯಿರುವ ಗಾಳಿ ಕೊಟ್ಟರು. ಉಸಿರಾಟಕ್ಕೆ ಕಷ್ಟಪಟ್ಟದ್ದು ಒಂದು ಇಲಿ. ಮಜ್ಜೆ ಚುರುಕಾದದ್ದು ಎರಡರಲ್ಲೂ! ರಕ್ತದ ಮೂಲಕ ಏನೋ ಒಂದು ಸಂದೇಶ ದಾಟಿರಲೇಬೇಕು. ಸಂದೇಶ ಹೊರಡುವ ಜಾಗ ಯಾವುದು ಎಂಬುದನ್ನು 1957ರಲ್ಲಿ ಚಿಕಾಗೊದ ಲಿಯಾನ್ ಜೇಕಬ್‌ಸನ್, ಗೋಲ್ಡ್‌ವಾಸರ್ ಮತ್ತು ಸಂಗಡಿಗರು ಪತ್ತೆ ಮಾಡಿದರು. ಇಲಿಯ ಅಂಗಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದರು. ಮೂತ್ರಪಿಂಡ ತೆಗೆದಾಗ ಮಾತ್ರ ಸಂದೇಶ ನಿಂತಿತು.

ಹೀಗೆ ರಕ್ತ ಸೋಸುವ ಅಂಗವೇ ರಕ್ತದ ಮೇಸ್ತ್ರಿಯೂ ಆಯಿತು. ಆಮ್ಲಜನಕ ಕಡಿಮೆ ಬಂತೆಂದರೆ ಮೂತ್ರಪಿಂಡ ಇಪೊ ಸ್ರವಿಸುತ್ತದೆ, ಮಜ್ಜೆ ಕೆಲಸ ಹೆಚ್ಚಿಸುತ್ತದೆ. ಆದರೆ ಆ ಇಪೊವನ್ನು ಶುದ್ಧವಾಗಿ ಹಿಡಿಯುವುದು ಮಾತ್ರ ಹರಸಾಹಸ. ಗೋಲ್ಡ್‌ವಾಸರ್ ಕುರಿಗಳಲ್ಲಿ ರಕ್ತಹೀನತೆ ಬರಿಸಿ ಅವುಗಳ ರಕ್ತವನ್ನು ವರ್ಷಗಟ್ಟಲೆ ಸೋಸಿದ್ದರು. ಕೊನೆಗೆ ಮಿಯಾಕೆಯವರ ಗಂಟು ಕೈಹಿಡಿಯಿತು. 1977ರಲ್ಲಿ ಆ 2,550 ಲೀಟರಿನಿಂದ ದಕ್ಕಿದ ಶುದ್ಧ ಇಪೊ ಕೆಲವೇ ಮಿಲಿಗ್ರಾಂ. ಅದರ ಆಧಾರದಿಂದ ಅಮೆರಿಕದ ಆಮ್ಜೆನ್ ಕಂಪನಿಯ ಫೂ-ಕ್ವೆನ್ ಲಿನ್ 1983ರಲ್ಲಿ ಇಪೊದ ಜೀನನ್ನು ಬೇರ್ಪಡಿಸಿದರು. ಆ ಜೀನನ್ನು ಚೀನಾ ದೇಶದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಿಗೆ ಸೇರಿಸಿದರೆ ಆ ಕೋಶಗಳು ಮನುಷ್ಯನ ಇಪೊವನ್ನು ತಯಾರಿಸಿಕೊಡುತ್ತವೆ. ಈಗ ಮೂತ್ರದ ಹಂಗಿಲ್ಲ.

ಮೊದಲು ಫಲ ಉಂಡವರು ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು. ಅವರಲ್ಲಿ ಮಜ್ಜೆ ಚೆನ್ನಾಗಿಯೇ ಇರುತ್ತದೆ, ಆಜ್ಞೆ ಮಾತ್ರ ಬರುವುದಿಲ್ಲ. 1987ರಲ್ಲಿ ಸಿಯಾಟಲ್‌ನ ವೈದ್ಯರು ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುತ್ತಿದ್ದವರು ಇಪೊ ಚುಚ್ಚಿಸಿಕೊಂಡ ಮೇಲೆ ರಕ್ತದ ಬಾಟಲಿಯ ಕಡೆ ತಿರುಗಿ ನೋಡಬೇಕಾಗಲಿಲ್ಲ. 1989ರಲ್ಲಿ ಅಮೆರಿಕ ಸರ್ಕಾರ ಔಷಧಕ್ಕೆ ಅನುಮತಿ ಕೊಟ್ಟಿತು.

ಈ ಯಶಸ್ಸನ್ನು ಕಂಡ ವೈದ್ಯರಿಗೆ ಸಹಜವಾಗಿಯೇ ಆಸೆ ಹುಟ್ಟಿತು. ಮಜ್ಜೆಯೇ ಕೆಟ್ಟವರಿಗೂ ಇದನ್ನು ಕೊಟ್ಟು ನೋಡಿದರೆ?

ತುಂಬಿದ ಕಣಜ, ಬರಿದಾದ ಪೇಟೆ

ಮಜ್ಜೆ ಕೆಡುವುದರಲ್ಲೂ ನಾನಾ ಬಗೆ. ಇಲ್ಲಿ ಹೇಳುತ್ತಿರುವುದು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಎಂಬ ಕಾಯಿಲೆಯ ವಿಷಯ. ಚಿಕ್ಕದಾಗಿ ಎಂ.ಡಿ.ಎಸ್. ಇದು ಹೆಚ್ಚಾಗಿ ವಯಸ್ಸಾದವರಿಗೆ ಬರುವಂಥದು. ಪಾಶ್ಚಾತ್ಯ ದೇಶಗಳಲ್ಲಿ ಪತ್ತೆಯಾಗುವಾಗ ರೋಗಿಗಳ ವಯಸ್ಸು ಸಾಮಾನ್ಯವಾಗಿ 70ರ ಆಸುಪಾಸು. ಅಜ್ಜನಿಗೆ ಮೆಟ್ಟಿಲು ಹತ್ತಲು ಏದುಸಿರು, ಮುಖ ಬಿಳಿಚಿಕೊಂಡಿದೆ, ಊಟ ಸೇರುವುದಿಲ್ಲ ಎಂದು ಮನೆಯವರು ಹೇಳಿದರೆ ‘ವಯಸ್ಸಾಯಿತಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಕಾಯಿಲೆ ತಿಂಗಳುಗಟ್ಟಲೆ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಗೊಂದಲವೂ ಇದೆ. ಭಾರತದಲ್ಲಿ ರಕ್ತಹೀನತೆ ಎಂದ ಕೂಡಲೇ ನೆನಪಾಗುವುದು ಕಬ್ಬಿಣದ ಕೊರತೆ. ತಪ್ಪೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಜಂತುಹುಳುವಿನ ಔಷಧ. ಆದರೆ ಎಂ.ಡಿ.ಎಸ್. ಇರುವ ಅಜ್ಜನಿಗೆ ಪರೀಕ್ಷೆ ಮಾಡಿಸದೆ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸಿದರೆ ಉಪಯೋಗವಿಲ್ಲ. ಅವರ ಮಜ್ಜೆಯಲ್ಲಿ ಕಬ್ಬಿಣ ಬೇಕಾದಷ್ಟಿರುತ್ತದೆ, ಕೆಲವರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ.

ಇದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಒಂದಿಷ್ಟು ಮಜ್ಜೆ ತೆಗೆದು, ಗಾಜಿನ ಮೇಲೆ ಹರಡಿ, ಕಬ್ಬಿಣವಿರುವಲ್ಲಿ ನೀಲಿಯಾಗುವಂಥ ಬಣ್ಣ ಹಾಕುತ್ತಾರೆ. ಚಿತ್ರಕಾರರ ಪ್ರಷ್ಯನ್ ನೀಲಿಯೇ ಅದು. ಎಂ.ಡಿ.ಎಸ್.ನ ಒಂದು ಬಗೆಯಲ್ಲಿ, ಬೆಳೆಯುತ್ತಿರುವ ಕೆಂಪು ಕೋಶಗಳ ನಡುವಿನ ಬೀಜಕೇಂದ್ರದ ಸುತ್ತ ನೀಲಿ ಚುಕ್ಕೆಗಳು ಉಂಗುರದ ಹಾಗೆ ಕಾಣಿಸುತ್ತವೆ. ಹಿಮೋಗ್ಲೋಬಿನ್ ಸೇರಬೇಕಾಗಿದ್ದ ಕಬ್ಬಿಣ ದಾರಿಯಲ್ಲೇ, ಮೈಟೊಕಾಂಡ್ರಿಯಾಗಳಲ್ಲಿ, ಸಿಕ್ಕಿಹಾಕಿಕೊಂಡಿದೆ ಎಂದು ಅದರ ಅರ್ಥ. ಇವುಗಳಿಗೆ ಉಂಗುರದ ಸಿಡೆರೊಬ್ಲಾಸ್ಟ್ ಎಂದು ಹೆಸರು. ನೋಡಲು ಸೊಗಸಾಗಿರುತ್ತವೆ, ರೋಗಿಯ ಪಾಲಿಗೆ ಅದೇನೂ ಸೊಗಸಲ್ಲ. ಈ ಬಗೆಯ ರೋಗಿಗಳ ಪೈಕಿ ಬಹಳ ಮಂದಿಯಲ್ಲಿ ಎಸ್‌ಎಫ್‌3ಬಿ1 ಎಂಬ ಜೀನಿನಲ್ಲಿ ಬದಲಾವಣೆ ಆಗಿರುತ್ತದೆ ಎಂಬುದು 2011ರಲ್ಲಿ ತಿಳಿಯಿತು.

ಎಂ.ಡಿ.ಎಸ್.ನ ಒಗಟು ಇದು: ಮಜ್ಜೆ ಬತ್ತಿರುವುದಿಲ್ಲ. ಬಹುತೇಕ ರೋಗಿಗಳಲ್ಲಿ ಅದು ಕೋಶಗಳಿಂದ ಕಿಕ್ಕಿರಿದಿರುತ್ತದೆ. ಆದರೂ ರಕ್ತದಲ್ಲಿ ಕಣಗಳಿಲ್ಲ. ಕಣಜ ತುಂಬಿದೆ, ಪೇಟೆಗೆ ಮಾತ್ರ ಒಂದು ಸೇರು ಅಕ್ಕಿಯೂ ಬರುತ್ತಿಲ್ಲ ಎಂದರೆ ಏನರ್ಥ? ಒಳಗೇ ಹುಳು ಹಿಡಿಯುತ್ತಿದೆ. ಇಲ್ಲೂ ಹಾಗೆಯೇ. ಕೆಂಪು ಕಣವಾಗಬೇಕಾದ ಕೋಶಗಳು ಹುಟ್ಟುತ್ತವೆ, ಆದರೆ ಬಲಿಯುವ ಮುನ್ನವೇ ಮಜ್ಜೆಯೊಳಗೆ ತಾವಾಗಿ ಸಾಯುತ್ತವೆ. ಜೀವಶಾಸ್ತ್ರಜ್ಞರು ಇದನ್ನು ಕೋಶದ ಆತ್ಮಹತ್ಯೆ ಎನ್ನುತ್ತಾರೆ.

ರೋಗಿಗೆ ಉಳಿಯುವ ದಾರಿ ರಕ್ತ ಹಾಕಿಸಿಕೊಳ್ಳುವುದು. ಅದೂ ಎಷ್ಟು ದಿನ? ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹ ದಿನವೊಂದಕ್ಕೆ ಹೊರಹಾಕಬಲ್ಲ ಕಬ್ಬಿಣ ಒಂದೆರಡು ಮಿಲಿಗ್ರಾಂ ಮಾತ್ರ. ತಿಂಗಳಿಗೆ ಎರಡು ಯೂನಿಟ್‌ನಂತೆ ಎರಡು ವರ್ಷ ಹಾಕಿಸಿಕೊಂಡರೆ ಎಷ್ಟು ಗ್ರಾಂ ಉಳಿಯುತ್ತದೆಂದು ಶಾಲೆಯ ಮಕ್ಕಳೇ ಲೆಕ್ಕ ಹಾಕಬಹುದು. ಆ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಕೂತು ಕೆಡುಕು ಮಾಡುತ್ತದೆ. ಜೊತೆಗೆ ಆಸ್ಪತ್ರೆಗೆ ಓಡಾಟ, ಹೊಂದುವ ರಕ್ತಕ್ಕೆ ಪರದಾಟ, ಮಕ್ಕಳ ರಜೆ, ಖರ್ಚು. ಇಂಜೆಕ್ಷನ್ನಿನಿಂದ ಇದು ತಪ್ಪುವುದಾದರೆ ಯಾರಿಗೆ ಬೇಡ?

ಹೀಗಾಗಿ ಹಲವು ದೇಶಗಳ ವೈದ್ಯರು ಎಂ.ಡಿ.ಎಸ್. ರೋಗಿಗಳಿಗೆ ಇಪೊ ಕೊಟ್ಟು ನೋಡಿದರು. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಈವಾ ಹೆಲ್‌ಸ್ಟ್ರೋಮ್-ಲಿಂಡ್‌ಬರ್ಗ್ 1995ರಲ್ಲಿ ಅಂಥ 17 ಅಧ್ಯಯನಗಳನ್ನು ಒಟ್ಟುಗೂಡಿಸಿ 205 ರೋಗಿಗಳ ಲೆಕ್ಕ ತೆಗೆದರು. ಫಲ ಕಂಡವರು ಶೇಕಡಾ 16 ಮಾತ್ರ. ಉಂಗುರದ ಕೋಶಗಳಿದ್ದ ರೋಗಿಗಳಲ್ಲಂತೂ ಬರೀ ಶೇಕಡಾ 8. ಆಜ್ಞೆ ಈಗಾಗಲೇ ಕಿವಿಗಡಚಿಕ್ಕುವಂತೆ ಮೊಳಗುತ್ತಿರುವಾಗ ಹೊರಗಿನಿಂದ ಇನ್ನೊಂದು ಧ್ವನಿ ಸೇರಿಸಿದರೆ ಆಗುವುದು ಇಷ್ಟೇ.

ಬಿಳಿಯದರಿಂದ ಕೆಂಪಿಗೆ ನೆರವು

ಎರಡನೆಯ ಔಷಧದ ಕಥೆ ಶುರುವಾಗುವುದು ಅಡಿಗೆಮನೆಯಲ್ಲೂ ಕಾಣುವ ಒಂದು ವಸ್ತುವಿನಿಂದ. ಹಾಲು-ಸಕ್ಕರೆ ಸೇರಿಸಿ ಚೈನಾ ಗ್ರಾಸ್ ಮಾಡುತ್ತಾರಲ್ಲ, ಆ ಅಗಾರ್! 1960ರ ದಶಕದಲ್ಲಿ ಇಸ್ರೇಲಿನಲ್ಲಿ ಒಂದು ತಂಡ, ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್ ಅವರ ಇನ್ನೊಂದು ತಂಡ, ಅಗಾರಿನ ಮೆತ್ತನೆಯ ಹಾಸಿನ ಮೇಲೆ ಇಲಿಯ ಮಜ್ಜೆಯ ಕೋಶಗಳನ್ನು ಬೆಳೆಸುವ ವಿಧಾನ ಕಂಡುಹಿಡಿದವು. ಒಂದು ಕೋಶ ಒಡೆದೊಡೆದು ಬಿಳಿ ಕಣಗಳ ಪುಟ್ಟ ಕಾಲೊನಿಯಾಗುತ್ತಿತ್ತು. ಆದರೆ ಬೇರೆ ಕೋಶಗಳು ಸ್ರವಿಸುವ ಯಾವುದೋ ವಸ್ತು ಇಲ್ಲದಿದ್ದರೆ ಕಾಲೊನಿ ಏಳುತ್ತಲೇ ಇರಲಿಲ್ಲ. ಹುಡುಕುತ್ತ ಹೋದಾಗ ಅಂಥ ವಸ್ತು ಒಂದಲ್ಲ, ಹಲವು ಸಿಕ್ಕವು. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳನ್ನು ಬೆಳೆಸುವುದಕ್ಕೆ ಜಿ-ಸಿಎಸ್‌ಎಫ್ ಎಂದು ಹೆಸರು. 1986ರಲ್ಲಿ ಅದರ ಮಾನವ ಜೀನ್ ಸಿಕ್ಕಿತು. ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಔಷಧ 1991ರಲ್ಲಿ ಅಮೆರಿಕದ ಪೇಟೆಗೆ ಬಂತು. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ಕಣ ಕುಸಿದವರಿಗೆ ಅದು ವರವಾಯಿತು.

ಎಂ.ಡಿ.ಎಸ್. ರೋಗಿಗಳಲ್ಲೂ ಬಿಳಿ ಕಣ ಕಡಿಮೆಯಾಗುವುದುಂಟು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ನೆಗ್ರಿನ್ ಮತ್ತು ಪೀಟರ್ ಗ್ರೀನ್‌ಬರ್ಗ್ ಈ ಕಾರಣಕ್ಕೆ ಅವರಿಗೆ ಜಿ-ಸಿಎಸ್‌ಎಫ್ ಕೊಟ್ಟರು. ಬಿಳಿ ಕಣ ಏರಿದವು. ಅದು ನಿರೀಕ್ಷಿತವೇ. ಆದರೆ ಕೆಲವರಲ್ಲಿ ಎಳೆಯ ಕೆಂಪು ಕಣಗಳೂ ಹೆಚ್ಚಾದವು. ಇದು ಯಾರೂ ಎಣಿಸಿದ್ದಲ್ಲ. ಬಿಳಿ ಬೆಳೆಗೆ ಹಾಕಿದ ಗೊಬ್ಬರ ಪಕ್ಕದ ಸಾಲಿನ ಕೆಂಪು ಬೆಳೆಗೂ ತಾಗಿತ್ತು. ಹಾಗಾದರೆ ಇದನ್ನೂ ಇಪೊವನ್ನೂ ಒಟ್ಟಿಗೆ ಕೊಟ್ಟರೆ ಹೇಗೆ?

1993ರಲ್ಲಿ ಸ್ಟಾನ್‌ಫರ್ಡ್ ತಂಡವೂ ಸ್ವೀಡನ್ನಿನ ತಂಡವೂ ಒಂದೇ ಸುಮಾರಿಗೆ ಜೋಡಿ ಚಿಕಿತ್ಸೆಯ ಫಲವನ್ನು ಪ್ರಕಟಿಸಿದವು. ಒಂಟಿ ಇಪೊಗಿಂತ ಎರಡು ಪಟ್ಟಿಗೂ ಹೆಚ್ಚು ಮಂದಿಯಲ್ಲಿ ಹಿಮೋಗ್ಲೋಬಿನ್ ಏರಿತ್ತು. 1998ರ ಹೊತ್ತಿಗೆ ಸ್ವೀಡನ್ ಮತ್ತು ನೆರೆ ದೇಶಗಳ 71 ರೋಗಿಗಳ ವಿವರ ಕೂಡಿತು. ಅವರಲ್ಲಿ ಶೇಕಡಾ 38 ಮಂದಿಗೆ ಗುಣ ಕಂಡಿತ್ತು. ಗುಣ ಕಂಡವರಲ್ಲಿ ಅದು ಉಳಿದ ಕಾಲದ ಮಧ್ಯಾಂಕ 24 ತಿಂಗಳು. ಒಂಟಿ ಇಪೊ ಸೋತಿದ್ದ ಉಂಗುರದ ಕೋಶಗಳ ರೋಗಿಗಳಲ್ಲೂ ಜೋಡಿ ಕೆಲಸ ಮಾಡಿತ್ತು.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕು. ಗುಣ ಕಂಡದ್ದು ನಿಜವಾಗಿ ಜೋಡಿಯಿಂದಲೋ, ಅಥವಾ ಇಪೊ ಒಂದೇ ಹೆಚ್ಚು ಕಾಲ ಕೊಟ್ಟಿದ್ದರೂ ಅಷ್ಟೇ ಆಗುತ್ತಿತ್ತೋ? ಸ್ಟಾನ್‌ಫರ್ಡ್ ವೈದ್ಯರು ಇದಕ್ಕೆ ಹೂಡಿದ ಉಪಾಯ ಸರಳ. ಗುಣ ಕಂಡವರಲ್ಲಿ ಜಿ-ಸಿಎಸ್‌ಎಫ್ ನಿಲ್ಲಿಸಿದರು. ಇಪೊ ಮಾತ್ರ ಮುಂದುವರಿಸಿದರು. 1996ರಲ್ಲಿ ಅವರು ವರದಿ ಮಾಡಿದಂತೆ, ಸುಮಾರು ಅರ್ಧದಷ್ಟು ಮಂದಿಗೆ ಗುಣ ಉಳಿಯಲು ಎರಡೂ ಔಷಧ ಬೇಕಾಗಿದ್ದವು. ಏರಿದ್ದ ಹಿಮೋಗ್ಲೋಬಿನ್ ಇಳಿಯಿತು, ಬಿಟ್ಟದ್ದನ್ನು ಮತ್ತೆ ಕೊಟ್ಟಾಗ ಏರಿತು. ಔಷಧ ಕೊಟ್ಟು ಗುಣವಾಯಿತು ಎಂದು ಹೇಳುವವರು ಬಹಳ ಮಂದಿ. ತೆಗೆದು ನೋಡಿ ಖಚಿತಪಡಿಸಿಕೊಳ್ಳುವವರು ಕಡಿಮೆ. ಚೇತರಿಸಿಕೊಂಡ ರೋಗಿಯ ಮುಂದೆ ‘ಇದನ್ನು ಸ್ವಲ್ಪ ದಿನ ನಿಲ್ಲಿಸಿ ನೋಡೋಣ’ ಎನ್ನುವುದಕ್ಕೆ ವೈದ್ಯರಿಗೂ ಧೈರ್ಯ ಬೇಕು, ಒಪ್ಪುವುದಕ್ಕೆ ರೋಗಿಗೂ ಬೇಕು. ಉಳಿದರ್ಧ ಮಂದಿಗೆ ಇದರಿಂದ ಲಾಭವೇ ಆಯಿತೆನ್ನಿ. ಒಂದು ಸೂಜಿ ಕಡಿಮೆಯಾಯಿತು.

ಬಿಳಿ ಕಣದ ಔಷಧ ಕೆಂಪು ಕಣಕ್ಕೆ ಹೇಗೆ ನೆರವಾಗುತ್ತದೆ? ಸ್ಟಾಕ್‌ಹೋಮ್‌ನ ತಂಡ 2003ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟಿತು. ಉಂಗುರದ ರೋಗಿಗಳ ಕೋಶಗಳಲ್ಲಿ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಗೆ ಸೋರುತ್ತಿರುತ್ತದೆ. ಒಳಗಿದ್ದರೆ ಅದು ಉಸಿರಾಟದ ಕೆಲಸಗಾರ. ಹೊರಬಂತೆಂದರೆ ಕೋಶದ ಸಾವಿಗೆ ಸೂಚನೆ. ಜಿ-ಸಿಎಸ್‌ಎಫ್ ಈ ಸೋರಿಕೆಯನ್ನು ತಡೆಯುತ್ತದೆ. ಕೋಶ ಬದುಕುತ್ತದೆ. ಬದುಕಿದ ಕೋಶ ಮುಂದಿನ ಹಂತದಲ್ಲಿ ಇಪೊದ ಮಾತಿಗೆ ಓಗೊಡುತ್ತದೆ. ಒಂದು ಔಷಧ ಸಸಿ ಸಾಯದಂತೆ ಕಾಯುತ್ತದೆ, ಇನ್ನೊಂದು ಬೆಳೆಸುತ್ತದೆ ಎನ್ನಬಹುದು.

ಯಾರಿಗೆ ಕೊಡಬೇಕು?

ಶೇಕಡಾ 38 ಎಂದರೆ ಹತ್ತರಲ್ಲಿ ಆರು ಜನಕ್ಕೆ ಫಲವಿಲ್ಲ. ದುಬಾರಿ ಔಷಧ, ವಾರದಲ್ಲಿ ಹಲವು ಸಲ ಸೂಜಿ, ತಿಂಗಳುಗಟ್ಟಲೆ ಕಾಯುವುದು, ಕೊನೆಗೆ ನಿರಾಶೆ. ಅದಕ್ಕಿಂತ ಮೊದಲೇ ತಿಳಿದರೆ ಒಳ್ಳೆಯದಲ್ಲವೆ? ಈ ಸಂಶೋಧನೆಗಳಲ್ಲೆಲ್ಲ ರೋಗಿಗಳಿಗೆ ಹೆಚ್ಚು ಉಪಕಾರ ಮಾಡಿದ್ದು ಬಹುಶಃ 1997ರ ಒಂದು ಸರಳ ಅಂಕಪಟ್ಟಿ. ಸ್ವೀಡನ್ ಮತ್ತು ಅಮೆರಿಕದ ತಂಡಗಳು ತಮ್ಮ ರೋಗಿಗಳ ವಿವರ ಒಟ್ಟುಗೂಡಿಸಿ ತಯಾರಿಸಿದ್ದು. ಪ್ರಶ್ನೆಗಳು ಎರಡೇ.

ಒಂದು, ರಕ್ತದಲ್ಲಿ ರೋಗಿಯದೇ ಇಪೊ ಎಷ್ಟಿದೆ? ಲೀಟರಿಗೆ 100 ಯೂನಿಟ್‌ಗಿಂತ ಕಡಿಮೆಯಿದ್ದರೆ ಎರಡು ಅಂಕ ಕೂಡಿಸಿ. 100ರಿಂದ 500ರ ನಡುವೆ ಇದ್ದರೆ ಒಂದು ಅಂಕ. 500 ಮೀರಿದರೆ ಮೂರು ಅಂಕ ಕಳೆಯಿರಿ. ಎರಡು, ತಿಂಗಳಿಗೆ ಎಷ್ಟು ರಕ್ತ ಬೇಕಾಗುತ್ತದೆ? ಎರಡು ಯೂನಿಟ್‌ಗಿಂತ ಕಡಿಮೆಯಾದರೆ ಎರಡು ಅಂಕ ಕೂಡಿಸಿ, ಎರಡು ಅಥವಾ ಹೆಚ್ಚಾದರೆ ಎರಡು ಅಂಕ ಕಳೆಯಿರಿ.

ಒಬ್ಬ ಅಜ್ಜಿಯ ಇಪೊ 60, ರಕ್ತ ಎರಡು ತಿಂಗಳಿಗೊಂದು ಯೂನಿಟ್ ಎಂದಿಟ್ಟುಕೊಳ್ಳಿ. ಎರಡು ಕೂಡಿಸು ಎರಡು, ನಾಲ್ಕು ಅಂಕ. ಒಂದಕ್ಕಿಂತ ಹೆಚ್ಚು ಅಂಕ ಬಂದವರಲ್ಲಿ ಶೇಕಡಾ 74 ಮಂದಿಗೆ ಗುಣ ಕಂಡಿತ್ತು. ಇನ್ನೊಬ್ಬರ ಇಪೊ 300, ತಿಂಗಳಿಗೆ ಮೂರು ಯೂನಿಟ್ ರಕ್ತ. ಅಂಕ ಋಣ ಒಂದು. ಈ ನಡುವಿನ ಗುಂಪಿನಲ್ಲಿ ಗುಣ ಕಂಡವರು ಶೇಕಡಾ 23. ಮೂರನೆಯವರ ಇಪೊ 900, ತಿಂಗಳಿಗೆ ನಾಲ್ಕು ಯೂನಿಟ್ ರಕ್ತ. ಅಂಕ ಋಣ ಐದು. ಅಂಥವರಲ್ಲಿ ಫಲ ಕಂಡವರು ಶೇಕಡಾ 7 ಮಾತ್ರ. ಇವರಿಗೆ ಔಷಧ ಬರೆದುಕೊಡದಿರುವುದೇ ಒಳ್ಳೆಯ ವೈದ್ಯಕೀಯ. ಮನೆಯವರು ಕಾಸು ಕೂಡಿಸಿಕೊಂಡು ಬಂದು ‘ಏನಾದರೂ ಮಾಡಿ ಡಾಕ್ಟರೇ’ ಎಂದು ಕೈಮುಗಿದಾಗ ಬೇಡ ಎನ್ನುವುದು ಸುಲಭದ ಮಾತಲ್ಲ. ಈ ಕೂಡುವ-ಕಳೆಯುವ ಲೆಕ್ಕ ಆ ಮಾತಿಗೆ ಆಧಾರ ಕೊಟ್ಟಿತು.

ಗುಣ ಎಂದರೇನು ಎಂಬುದರ ಬಗೆಗೂ ಒಮ್ಮತವಿರಲಿಲ್ಲ. ಫ್ರಾನ್ಸಿನಲ್ಲಿ 60 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೋಡಿ ಔಷಧ ಪಡೆದು ಲೆಕ್ಕಕ್ಕೆ ಸಿಕ್ಕ 24 ಮಂದಿಯಲ್ಲಿ 10 ಮಂದಿಯ ಹಿಮೋಗ್ಲೋಬಿನ್ ಏರಿತ್ತು. ಆದರೆ ಖರ್ಚು ಸುಮಾರು ಮೂರು ಪಟ್ಟಾಗಿತ್ತು, ರೋಗಿಗಳ ದಿನನಿತ್ಯದ ಬಾಳುವೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅದರ ಹಿಂದಿನ ವರ್ಷ, ಅಂಕಪಟ್ಟಿಯಿಂದ ಆರಿಸಿದ ರೋಗಿಗಳಿಗೆ ಮಾತ್ರ ಔಷಧ ಕೊಟ್ಟ ಸ್ವೀಡನ್ ಕಡೆಯ ಅಧ್ಯಯನದಲ್ಲಿ ಗುಣ ಕಂಡವರ ಬಾಳುವೆ ಸುಧಾರಿಸಿತ್ತು. ವರದಿಯಲ್ಲಿನ ಅಂಕಿಗೂ ಮೆಟ್ಟಿಲು ಹತ್ತುವಾಗಿನ ಉಸಿರಿಗೂ ನೇರ ಸಂಬಂಧವಿದೆ ಎಂದು ಮೊದಲೇ ನಂಬಿಬಿಡಬಾರದು.

ಇನ್ನೊಂದು ಭಯ ದೊಡ್ಡದು. ಎಂ.ಡಿ.ಎಸ್. ಕೆಲವರಲ್ಲಿ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಕೋಶ ಬೆಳೆಸುವ ಔಷಧ ಕೆಟ್ಟ ಕೋಶಗಳನ್ನೂ ಬೆಳೆಸಿದರೆ? 2008ರಲ್ಲಿ ಜೋಡಿ ಚಿಕಿತ್ಸೆ ಪಡೆದ 121 ಮಂದಿಯನ್ನು ಪಡೆಯದ 237 ಮಂದಿಯೊಡನೆ ಹೋಲಿಸಿ ನೋಡಿದಾಗ ಕ್ಯಾನ್ಸರಿಗೆ ತಿರುಗುವುದು ಹೆಚ್ಚಾಗಿರಲಿಲ್ಲ. ರಕ್ತದ ಅಗತ್ಯ ಕಡಿಮೆಯಿದ್ದವರು ಹೆಚ್ಚು ಕಾಲ ಬದುಕಿದ್ದರು ಕೂಡ. ಆದರೆ ಇದು ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆಯಲ್ಲ. ಹಾಗೆ ಗುಂಪು ಮಾಡಿದ ಅಮೆರಿಕದ ಪರೀಕ್ಷೆ 2009ರಲ್ಲಿ ಹೊರಬಂದಾಗ ಎರಡು ಗುಂಪುಗಳ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಪೊಗೆ ಇನ್ನೊಂದು ಅಪಾಯವೂ ಉಂಟು. ಹಿಮೋಗ್ಲೋಬಿನ್ 12 ಗ್ರಾಂ ದಾಟುವಂತೆ ಏರಿಸಿದರೆ ರಕ್ತ ಹೆಪ್ಪುಗಟ್ಟುವ ಭಯ. ಮೂತ್ರಪಿಂಡ ಮತ್ತು ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ಕಂಡ ಅಮೆರಿಕದ ಔಷಧ ಇಲಾಖೆ 2007ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಪದಕದ ಆಸೆಗೆ ಇದೇ ಇಪೊವನ್ನು ಕದ್ದು ಚುಚ್ಚಿಕೊಂಡು 1998ರ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಸಿಕ್ಕಿಬಿದ್ದವರ ಸುದ್ದಿ ಕ್ರೀಡಾಪ್ರಿಯರಿಗೆ ನೆನಪಿರಬಹುದು. ರೋಗಿಗೆ ಅಳೆದು ಕೊಡುವುದನ್ನು ಆರೋಗ್ಯವಂತರು ಅಳತೆಯಿಲ್ಲದೆ ಹಾಕಿಕೊಂಡರೆ ರಕ್ತ ಗಂಜಿಯಂತೆ ಗಟ್ಟಿಯಾಗುತ್ತದೆ.

ಕಾಲ ನಿಂತಿಲ್ಲ. ಉಂಗುರದ ರೋಗಿಗಳಿಗಾಗಿ ಲಸ್ಪಾಟರ್ಸೆಪ್ಟ್ ಎಂಬ ಹೊಸ ಔಷಧಕ್ಕೆ ಅಮೆರಿಕ 2020ರಲ್ಲಿ ಅನುಮತಿ ಕೊಟ್ಟಿತು. 2023ರಲ್ಲಿ ಅದನ್ನು ಇಪೊ ಎದುರಿಗಿಟ್ಟು ಪರೀಕ್ಷಿಸಿದಾಗ ಅದು ಮುಂದೆ ನಿಂತು, ಇಪೊಗಿಂತ ಮೊದಲೇ ಕೊಡಲೂ ಅನುಮತಿ ಪಡೆಯಿತು. ಮೂರು ವಾರಕ್ಕೊಂದು ಸೂಜಿ ಸಾಕು. ಆದರೆ ಬೆಲೆ ಸಾಮಾನ್ಯರಿಗೆ ಎಟುಕುವಂಥದಲ್ಲ. ಇಪೊ ಮತ್ತು ಜಿ-ಸಿಎಸ್‌ಎಫ್ ಎರಡನ್ನೂ ಭಾರತದ ಕಂಪನಿಗಳೇ ತಯಾರಿಸುತ್ತವೆ. ಹೀಗಾಗಿ ಹಳೆಯ ಜೋಡಿಗೆ ಇನ್ನೂ ಕೆಲಸವಿದೆ. ಈಗಿನ ರೂಢಿಯಲ್ಲಿ ಅಪಾಯ ಕಡಿಮೆಯಿರುವ ಬಗೆಯ ಎಂ.ಡಿ.ಎಸ್. ರೋಗಿಗಳಿಗೆ, ಅವರದೇ ಇಪೊ 500ಕ್ಕಿಂತ ಕಡಿಮೆಯಿದ್ದರೆ, ಮೊದಲು ಇಪೊ ಒಂದನ್ನೇ ಕೆಲವು ವಾರ ಕೊಡುತ್ತಾರೆ. ಹಿಮೋಗ್ಲೋಬಿನ್ ಏರದಿದ್ದರೆ ಜಿ-ಸಿಎಸ್‌ಎಫ್ ಅನ್ನು ಸಣ್ಣ ಪ್ರಮಾಣದಲ್ಲಿ ಜೊತೆಗೂಡಿಸಿ ಮತ್ತೆ ಕೆಲವು ವಾರ ಕಾಯುತ್ತಾರೆ. ಆಗಲೂ ಏರದಿದ್ದರೆ ಎರಡನ್ನೂ ನಿಲ್ಲಿಸುತ್ತಾರೆ.